ಇನ್‌ಚಾರ್ಜ್ ಮಾತಾಡ್ತೇನಿ, ಹೇಳ್ರಿ

ಮೊನ್ನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ನಮ್ಮ ಓಣಿಯ ಹುಡುಗಿಯೊಬ್ಬಳು ಪೇಢೆಯ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಳು. ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಾಳೆ. "ಅಕ್ಕಾರ, ನನಗ ಪ್ರಮೋಷನ್ ಆತ್ರಿ, ಹೆಡ್ ಮಾಡ್ಯಾರ" ಅಂದಳು. ಸಂತೋಷವಾಯಿತು. ಒಂದು ಪೇಢೆ ಬಾಯಿಗೆ ಹಾಕಿಕೊಂಡೆ. ಆಮೇಲೆ ನನ್ನ ಹಾಳು ಬಾಯಿ ತಡೆಯಬೇಕಲ್ಲ, "ಪಗಾರ ಎಷ್ಟ ಏರ್ತು?" ಎಂದು ಕೇಳಿಯೇಬಿಟ್ಟೆ. "ಪಗಾರ ಸದ್ಯಕ್ಕ ಇಲ್ರಿ, ಹುದ್ದೆ ಅಷ್ಟ. ಪಗಾರದ್ದು ಮುಂದ ನೋಡೋಣು ಅಂದಾರ" ಅಂದಳು.

"ಮುಂದ ನೋಡೋಣು" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಅದರ ಹಿಂದೆಯೇ ಬೆನ್ನಲ್ಲಿ ಸಣ್ಣಗೆ ಚಳಿ ಹುಟ್ಟುತ್ತದೆ. ಉರಿ ಯಾಕೆಂದು ಯಾರಿಗಾದರೂ ಅರ್ಥವಾದೀತು. ಚಳಿಯ ಸಂಗತಿಯನ್ನು ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಆ ಹುಡುಗಿಗಾದರೂ ಹೇಳಬೇಕೆಂದುಕೊಂಡೆ, ಅವಳ ಮುಖದ ಖುಷಿ ನೋಡಿ ಸುಮ್ಮನಾದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ನರ್ಸ್. ಹುಟ್ಟಿದ್ದು ಇಳಕಲ್ಲಿನಲ್ಲಿ, ಅಲ್ಲಿ ನಮ್ಮ ಅಬ್ಬಾ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. ಮೊದಲ ನೌಕರಿ ಹುನಗುಂದದಲ್ಲಿ, ಮದುವೆಯಾಗಿ ಬಂದದ್ದು ಬಾಗಲಕೋಟೆಗೆ. ಗಂಡನದು ಗಾಡಿಗಳ ಬಿಡಿಭಾಗ ಮಾರುವ ಸಣ್ಣ ಅಂಗಡಿ. ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳಿದ್ದಾಳೆ. ಮನೆಯಲ್ಲಿ ನಮ್ಮ ಮಾತು ಉರ್ದು, ಕನ್ನಡ ಎರಡೂ ಕಲಸಿದ್ದು. ಇಲ್ಲಿ ಕನ್ನಡದಲ್ಲಿ ಮಾತ್ರ ಬರೆಯುತ್ತೇನೆ. ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಗೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಒಂದು ದಿನ ಆಡಳಿತ ನೋಡಿಕೊಳ್ಳುವ ಸಾಹೇಬರು ಕರೆದು, ನಿಮ್ಮನ್ನು ವಾರ್ಡುಗಳ ಇನ್‌ಚಾರ್ಜ್ ಸಿಸ್ಟರ್ ಮಾಡಿದ್ದೇವೆ ಅಂದರು.

"ಪಗಾರ ಹೆಂಗ್ರಿ ಸರ?" ಎಂದು ಕೇಳಿದೆ.

"ಸಿಸ್ಟರ್, ಇದು ರೊಕ್ಕದ ಮಾತಲ್ರಿ, ಮರ್ಯಾದಿ ಮಾತು. ನಿಮ್ಮಂಥಾವ್ರನ್ನ ಬಿಟ್ಟು ಇನ್ಯಾರಿಗೆ ಕೊಡೋಣು? ಪಗಾರದ್ದು ಮುಂದ ನೋಡೋಣು."

ಹೀಗೆಂದು ಮೇಜಿನ ಖಾನೆಯಿಂದ ಒಂದು ಫೋನು ತೆಗೆದು ಕೊಟ್ಟರು. ಅದು ಹುದ್ದೆಯ ಫೋನು. ಅದರ ನಂಬರನ್ನು ಪ್ರತಿ ವಾರ್ಡಿನ ಗೋಡೆಯ ಮೇಲೂ ಬರೆಸಿದ್ದರು. ಇನ್‌ಚಾರ್ಜ್ ಬದಲಾದರೂ ನಂಬರು ಬದಲಾಗುತ್ತಿರಲಿಲ್ಲ. ಫೋನಿನ ಜೊತೆಗೆ ಒಂದು ಕೆಂಗಂದು ಬಣ್ಣದ ಕೋಟು. ನಾವೆಲ್ಲ ತಿಳಿನೀಲಿ ಕೋಟು ಹಾಕುತ್ತಿದ್ದೆವು, ಈ ಬಣ್ಣ ಇನ್‌ಚಾರ್ಜ್ ಒಬ್ಬಳಿಗೇ ಮೀಸಲು. ಹಿಂದಿನ ಇನ್‌ಚಾರ್ಜ್ ಹಾಕಿಕೊಳ್ಳುತ್ತಿದ್ದ ಕೋಟು, ಒಗೆದು ಇಸ್ತ್ರಿ ಮಾಡಿಸಿಟ್ಟಿದ್ದರು. ನಾನು ಸೇರುವ ಮೊದಲೇ ಅವಳು ಹೋಗಿದ್ದಳು. "ನನ್ನ ಅಳತಿ ಬ್ಯಾರೆ ಐತ್ರಿ ಸರ, ಹೊಸಾದು ಹೊಲಿಸ್ಬೇಕಾಗ್ತೈತಿ" ಅಂದೆ. "ಮೊದ್ಲ ಹಾಕ್ಕೊಂಡು ನೋಡ್ರಿ" ಅಂದರು.

ಹಾಕಿಕೊಂಡೆ. ನನಗೆ ಅಂಗಡಿಯ ಸಿದ್ಧ ಬಟ್ಟೆ ಯಾವತ್ತೂ ಸರಿಹೋಗುವುದಿಲ್ಲ. ಎಡ ಭುಜ ಸ್ವಲ್ಪ ಇಳಿದಿದೆ, ಯಾವ ಬಟ್ಟೆಯಾದರೂ ಆ ಕಡೆ ಜಾರುತ್ತದೆ. ಈ ಕೋಟು ಜಾರಲಿಲ್ಲ. ಕಳಚಿ ಒಳಗೆ ನೋಡಿದರೆ, ಎಡ ಭುಜದ ಕೆಳಗೆ ಯಾರೋ ಕೈಯಿಂದ ಸಣ್ಣ ಹೊಲಿಗೆ ಹಾಕಿ ಅದನ್ನು ಇಳಿಸಿದ್ದರು. "ಹಿಂದಿನವರು ಎಲ್ಲಿಗೆ ಹೋದ್ರು ಸರ?" ಎಂದು ಕೇಳಿದೆ. "ಬಿಟ್ರು" ಎಂದು ಬೇರೆ ಕಾಗದ ನೋಡತೊಡಗಿದರು.

ನಾನೂ ಪೇಢೆ ಹಂಚಿದೆ, ನನ್ನದೇ ರೊಕ್ಕದಲ್ಲಿ. ಹಳೆಯ ಸಿಸ್ಟರ್‌ಗಳು ಪೇಢೆ ತಗೊಂಡರು, ಆದರೆ ಯಾರೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡೆ. ಮನೆಯಲ್ಲಿ ಗಂಡ ಹಿಗ್ಗಿದರು. ಪಗಾರ ಇಲ್ಲವಂತೆ ಅಂದಾಗಲೂ ಅವರ ಹಿಗ್ಗು ಇಳಿಯಲಿಲ್ಲ. "ಗೌರವಕ್ಕ ಕಿಮ್ಮತ್ತಿಲ್ಲೇನು? ನಮ್ಮ ಅಬ್ಬಾ ಮಸೀದಿ ಜಮಾತಿನ ಎಲ್ಲಾ ಕೆಲಸ ಪುಕ್ಕಟೆ ಮಾಡ್ಲಿಲ್ಲೇನು? ಎಲ್ಲಾದಕ್ಕೂ ರೊಕ್ಕ ಕೇಳ್ತಾರೇನು?" ಅಂದರು. ಆ ಮಾತು ನನಗೂ ಆಗ ಸರಿ ಎನಿಸಿತ್ತು. ಸುಳ್ಳು ಯಾಕೆ ಹೇಳಲಿ, ಆ ಕೋಟು ಹಾಕಿಕೊಂಡು ವಾರ್ಡಿನಲ್ಲಿ ನಡೆಯುವಾಗ ನನಗೂ ಎದೆ ಉಬ್ಬುತ್ತಿತ್ತು.

ಕೆಲಸ ಏನೆಂದರೆ, ಫೋನು ಎತ್ತುವುದು. ಯಾರು ರಜೆ, ಯಾರ ಬದಲಿಗೆ ಯಾರು, ಯಾವ ಖೋಲಿ ಖಾಲಿ, ಚಾದರ ಯಾಕೆ ಬಂದಿಲ್ಲ, ಔಷಧದ ಅಂಗಡಿಯವನು ಯಾಕೆ ಕೂಗಾಡುತ್ತಿದ್ದಾನೆ, ಎಲ್ಲವೂ ಆ ಫೋನಿಗೆ ಬರುತ್ತಿತ್ತು. ರೋಟಿ ತಟ್ಟುವಾಗ ಬರುತ್ತಿತ್ತು, ಸ್ನಾನಕ್ಕೆ ಹೋದಾಗ ಬರುತ್ತಿತ್ತು. ಮೊದಲು ನನ್ನ ಸ್ವಂತ ದನಿಯಲ್ಲೇ ಉತ್ತರ ಕೊಡುತ್ತಿದ್ದೆ. ನನ್ನದು ಒರಟು ದನಿ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಇನ್‌ಚಾರ್ಜ್ ಆದವಳು ಸಿಟ್ಟು ಮಾಡುವಂತಿಲ್ಲ. ದಿನ ಕಳೆದ ಹಾಗೆ ಗಂಟಲಲ್ಲಿ ಒಂದು ಹೊಸ ದನಿ ತಾನಾಗಿಯೇ ತಯಾರಾಯಿತು. ಮೆತ್ತನೆಯ, ನುಣ್ಣನೆಯ, ಯಾರ ಮೇಲೂ ಕೋಪವಿಲ್ಲದ ದನಿ. "ಇನ್‌ಚಾರ್ಜ್ ಮಾತಾಡ್ತೇನಿ, ಹೇಳ್ರಿ" ಎಂದು ಶುರುವಾಗಿ, "ನಾ ನೋಡ್ಕೋತೇನ್ರಿ" ಎಂದು ಮುಗಿಯುತ್ತಿತ್ತು. ನನ್ನ ಹೆಸರನ್ನು ದವಾಖಾನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ನಾನು ಇನ್‌ಚಾರ್ಜ್.

ಒಂದು ಮಧ್ಯಾಹ್ನ ರೋಗಿಗಳ ಊಟ ಮುಗಿದು ವಾರ್ಡುಗಳು ತಣ್ಣಗಾಗಿದ್ದವು. ಫೋನು ಬಂತು. ಎಂದಿನಂತೆ "ಇನ್‌ಚಾರ್ಜ್ ಮಾತಾಡ್ತೇನಿ, ಹೇಳ್ರಿ" ಅಂದೆ. ಆ ಕಡೆಯಿಂದ ಒಬ್ಬ ಮುದುಕಿಯ ದನಿ ಬಂತು.

"ಯವ್ವಾ, ಎತ್ತಿದೆಲ್ಲ! ಎಷ್ಟ ದಿನಾ ಆತು ನಾ ಫೋನ್ ಹಚ್ಚಾಕತ್ತಿ. ಯಾಕ ಎತ್ತವಲ್ಲಿ?"

"ಯಾರ್ ಬೇಕಾಗಿತ್ರಿ ಅವ್ವಾರ?"

"ಯಾರ್ ಬೇಕು ಅಂತ ಕೇಳ್ತಿಯಲ್ಲ ನನ್ನವ್ವಾ. ನೀನ ಬೇಕು. ಉಂಡ್ಯೋ ಇಲ್ಲೋ?"

"ಅವ್ವಾರ, ನಾ ಹೊಸಾಕಿ ಅದೇನ್ರಿ. ನೀವು ಕೇಳೋರು ನೌಕರಿ ಬಿಟ್ಟು ಹೋಗ್ಯಾರ್ರಿ."

"ಬಿಟ್ಟು ಬಂದಾಳ, ನನಗ ಗೊತ್ತಿಲ್ಲೇನು? ನೀ ಉಂಡ್ಯಾ?"

ಅವತ್ತು ನಾನು ನಿಜಕ್ಕೂ ಉಂಡಿರಲಿಲ್ಲ. "ಇಲ್ರಿ, ಇನ್ನೂ ಇಲ್ಲ" ಅಂದೆ. "ಹೋಗು, ಉಂಡ್ ಬಾ. ನಾಳಿ ಮಾಡ್ತೇನಿ" ಎಂದು ಇಟ್ಟುಬಿಟ್ಟಳು.

ಮುದುಕಿಗೆ ಅರಳುಮರಳು ಅಂದುಕೊಂಡೆ. ಹಿಂದಿನ ಇನ್‌ಚಾರ್ಜ್ ಹುದ್ದೆಯ ನಂಬರನ್ನೇ ತಾಯಿಗೆ ತನ್ನ ನಂಬರೆಂದು ಕೊಟ್ಟಿರಬೇಕು. ನಾನೂ ಹಾಗೆಯೇ ಮಾಡಿದ್ದೆ. ಯಾವಾಗಲೂ ಎತ್ತುವುದು ಅದೊಂದನ್ನೇ, ಸ್ವಂತ ಫೋನು ಚೀಲದಲ್ಲಿ ಬಿದ್ದಿರುತ್ತಿತ್ತು. ಇಳಕಲ್ಲಿನ ನನ್ನ ಅಮ್ಮಿಗೂ, ಮಗಳಿಗೂ ಇದೇ ನಂಬರು ಕೊಟ್ಟಿದ್ದೆ.

ಮರುದಿನ ಅದೇ ಹೊತ್ತಿಗೆ ಮುದುಕಿ ಮತ್ತೆ ಫೋನು ಹಚ್ಚಿದಳು. ಅದರ ಮರುದಿನವೂ. ಬರುಬರುತ್ತ ಅದು ದಿನದ ಮಾತಾಯಿತು. ನಾನು ಅವಳ ಮಗಳೆಂದು ಯಾವತ್ತೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬೈಯುತ್ತಿದ್ದಳು, ಅಷ್ಟೇ. "ತಲಿ ಹಿಕ್ಕೊಂಡಿಯೇನು? ಕೂದಲಾ ಗಂಟ ಕಟ್ಟೇತಿ." ಮುಟ್ಟಿ ನೋಡಿಕೊಂಡರೆ ಕೂದಲು ಗಂಟು ಕಟ್ಟಿರುತ್ತಿತ್ತು. "ಉಗರಾ ಕಡೀಬ್ಯಾಡ, ಕಿರಿಬೆರಳಿಗೆ ರಕ್ತ ಬಂದೈತಿ ನೋಡು." ನೋಡಿದರೆ ಬಂದಿರುತ್ತಿತ್ತು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅವಳ ಫೋನು ಬರುವ ಮೊದಲೇ ನಾನು ನನ್ನ ಕೈಬೆರಳು ನೋಡಿಕೊಳ್ಳತೊಡಗಿದೆ.

ಒಂದು ದಿನ ಅಂದಳು, "ನಿನ್ನಿ ಸಂಜಿಕ ಕಟ್ಟಿ ಮ್ಯಾಲ ಕುಂತಿದ್ದಿ. ಕರದೆ, ಕರದೆ. ಓ ಅನ್ಲಿಲ್ಲ."

"ಯಾವ ಕಟ್ಟೀರಿ ಅವ್ವಾರ?"

"ನಮ್ಮ ಮನಿ ಕಟ್ಟಿ. ಹೊಳಿ ಕಡೆ ಮಾರಿ ಮಾಡಿ ಕುಂತಿದ್ದಿ."

"ನಿನ್ನಿ ಸಂಜಿಕ ನಾ ಇಲ್ಲೇ ಡ್ಯೂಟಿದಾಗ ಇದ್ದೆ ರೀ."

"ಹೌದು. ಡ್ಯೂಟಿದಾಗೂ ಇದ್ದಿ" ಅಂದಳು, ಅದರಲ್ಲೇನು ವಿಶೇಷ ಎನ್ನುವ ದನಿಯಲ್ಲಿ.

ಕಾರಿಡಾರಿನಲ್ಲಿ ಬಿಸಿಲು ಬಿದ್ದಿತ್ತು, ಯಾರೋ ಫಿನೈಲ್ ಹಾಕಿ ನೆಲ ಒರೆಸುತ್ತಿದ್ದರು. ಅವತ್ತು ಎಲ್ಲರಿಗಿಂತ ಹಳೆಯ ಸಿಸ್ಟರ್ ಒಬ್ಬರನ್ನು ಬದಿಗೆ ಕರೆದು, ಹಿಂದಿನವಳ ಸಂಗತಿ ಕೇಳಿದೆ. ಅವರು ಹಿಂದೆ ಮುಂದೆ ನೋಡಿ ಹೇಳಿದರು.

"ಕಲಾದಗಿ ಕಡೀಯಾಕಿ. ಭಾಳ ಬಾಯಿ ಇತ್ತು ಮೊದಲ, ಇನ್‌ಚಾರ್ಜ್ ಆದ ಮ್ಯಾಲ ಮೆತ್ತಗಾದ್ಲು. ಒಂದಿನ ಮುಂಜಾನಿ ಕೋಟ್ ಕಳಚಿ ಕುರ್ಚಿಗೆ ಹಾಕಿ, ಫೋನ್ ಅದರ ಕಿಸೆದಾಗ ಇಟ್ಟು ಹೋದ್ಲು. ಒಂದ ಮಾತ ಆಡ್ಲಿಲ್ಲ. ಆಮ್ಯಾಲ ನನಗ ಕೇಳಿದ್ರು, ಒಲ್ಲೆ ಅಂದೆ. ಎಲ್ಲಾರೂ ಒಲ್ಲೆ ಅಂದ್ರು. ಭಾಳ ದಿನ ಫೋನ್ ಖಾನ್ಯಾಗ ಇತ್ತು."

"ಪಗಾರ ಕೊಟ್ಟಿದ್ರೇನ್ರಿ ಆಕಿಗೆ?"

"ನಿಮಗ ಏನ್ ಹೇಳ್ಯಾರೋ, ಆಕಿಗೂ ಅದನ್ನ ಹೇಳಿದ್ರು." ಆಮೇಲೆ ಅಂದರು, "ಸಿಸ್ಟರ್, ಸಿಟ್ಟಾಗಬ್ಯಾಡ್ರಿ. ನಿಮ್ಮ ದನಿ ಥೇಟ್ ಆಕಿ ದನಿ ಆಗೇತಿ. ಒಮ್ಮೊಮ್ಮೆ ಹಿಂದಿನಿಂದ ಕೇಳಿ ಆಕೀನ ಬಂದ್ಲೇನೋ ಅಂತ ಹೊರಳಿ ನೋಡ್ತೇನಿ."

ಇಷ್ಟಾದರೂ ನಾನು ಧೈರ್ಯ ಮಾಡಿಕೊಂಡು ದಿನ ತಳ್ಳುತ್ತಿದ್ದೆ. ಧೈರ್ಯ ಬಿಡಿಸಿದ್ದು ನನ್ನ ಮಗಳು. ಶಾಲೆಯಲ್ಲಿ ಅವಳಿಗೆ ಜ್ವರ ಬಂದಿತ್ತು. ಟೀಚರ ಫೋನಿನಿಂದ ಹುದ್ದೆಯ ನಂಬರಿಗೆ ಹಚ್ಚಿದಳು. ವಾರ್ಡಿನಲ್ಲಿ ಗದ್ದಲ. ನಾನು ಎತ್ತಿ, "ಇನ್‌ಚಾರ್ಜ್ ಮಾತಾಡ್ತೇನಿ, ಹೇಳ್ರಿ" ಅಂದೆ. "ಅಮ್ಮಿ, ನನಗ ಜ್ವರ ಬಂದೈತಿ" ಅಂದಳು. ನನ್ನ ಬಾಯಿ ಒಂದು ಚೂರೂ ತಡೆಯದೆ, ಅದೇ ನುಣ್ಣನೆಯ ದನಿಯಲ್ಲಿ, "ಪೇಷೆಂಟ್ ಹೆಸರೇನ್ರಿ? ಯಾವ ವಾರ್ಡು?" ಎಂದು ಕೇಳಿತು. "ಹೇಳ್ರಿ, ನಾ ನೋಡ್ಕೋತೇನ್ರಿ" ಅಂದೆ. ಅವಳು ಫೋನು ಇಟ್ಟುಬಿಟ್ಟಳು.

ಅದು ಮಗಳ ದನಿ ಎಂದು ನನಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ, ಯಾರದೋ ಕೈಗೆ ಸೂಜಿ ಚುಚ್ಚುವಾಗ. ಓಡಿದೆ. ಟೀಚರುಗಳ ಖೋಲಿಯಲ್ಲಿ ಮಲಗಿದ್ದವಳು ನನ್ನನ್ನು ಕಂಡು ಎದ್ದು ಬರಲಿಲ್ಲ, ಗೋಡೆಯ ಕಡೆ ಸರಿದಳು. "ಅಮ್ಮಿ, ನೀ ಮನ್ಯಾಗೂ ಆ ದನೀಲೇ ಮಾತಾಡ್ತಿ. ನನಗ ಅಂಜಿಕಿ ಬರ್ತೈತಿ" ಅಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ನನಗೆ ಹೆದರಿದ್ದಳು. ಆ ಸಂಕಟವನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ.

ಅವಳ ಜ್ವರ ಇಳಿದ ಮೇಲೆ, ಬೆಳಗಿನ ಡ್ಯೂಟಿ ಮುಗಿಸಿ ಕಲಾದಗಿಯ ಬಸ್ಸು ಹತ್ತಿದೆ. ಹಿಂದಿನವಳಿಗೆ ಏನಾಗಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಅವಳಿಗೆ ಆದದ್ದೇ ನನಗೂ ಆಗುವುದಿದ್ದರೆ ಈಗಲೇ ತಿಳಿಯಬೇಕಿತ್ತು. ಕೋಟು ಕಳಚಲು ಮರೆತಿದ್ದೇನೆಂದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು. ಫೋನಂತೂ ಬಿಟ್ಟು ಹೋಗುವ ಮಾತೇ ಇರಲಿಲ್ಲ.

ಮುದುಕಿ ಮಾತಿನ ನಡುವೆ ಮನೆಯ ಗುರುತು ಎಷ್ಟೋ ಸಲ ಹೇಳಿದ್ದಳು. ಚಿಕ್ಕು ತೋಟ ದಾಟಿ ಹೊಳೆ ಕಡೆಯ ಓಣಿ, ಬೇವಿನ ಗಿಡ, ಹಸಿರು ಬಾಗಿಲು. ಓಣಿಯ ಬಾಯಿಯಲ್ಲಿ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ತಲೆಯೆತ್ತಿ ಕೋಟು ನೋಡಿ, "ಡ್ಯೂಟಿ ಮುಗೀತೇನವಾ?" ಅಂದಳು. ಹೂಂ ಎಂದು ದಾಟಿದೆ. ಸ್ವಲ್ಪ ಮುಂದೆ ಹೋದ ಮೇಲೆ ಅವಳು ಪಕ್ಕದವಳಿಗೆ ಹೇಳಿದ್ದು ಕಿವಿಗೆ ಬಿತ್ತು. "ಈಗರ ಕಟ್ಟಿ ಮ್ಯಾಲ ಕುಂತಿದ್ಲಲ್ಲ, ಯಾವಾಗ ಹೋಗಿದ್ಲು?"

ಹೊರಳಿ ಹೋಗಿಬಿಡೋಣ ಅನ್ನಿಸಿತು. ಆದರೆ ಹಸಿರು ಬಾಗಿಲು ಕಂಡೇಬಿಟ್ಟಿತ್ತು.

ಕಟ್ಟೆಯ ಮೇಲೆ ನನ್ನ ವಯಸ್ಸಿನವಳೊಬ್ಬಳು ಹೊಳೆಯ ಕಡೆ ಮುಖ ಮಾಡಿ ಕೂತಿದ್ದಳು. ಕೂದಲು ಗಂಟು ಕಟ್ಟಿತ್ತು. ಎಡ ಭುಜ ಇಳಿದಿತ್ತು. ಕಿರಿಬೆರಳಿನ ಉಗುರು ಕಡಿದು ಕೆಂಪಗಾಗಿತ್ತು. ಮುಖ ಮಾತ್ರ ನನ್ನ ಹಾಗೆ ಇರಲಿಲ್ಲ. ಮುಖವೊಂದು ಬಿಟ್ಟು ಉಳಿದದ್ದೆಲ್ಲ ನನ್ನದೇ ಇತ್ತು.

ಒಳಗಿನಿಂದ ಒಬ್ಬ ಸಣ್ಣ ಮುದುಕಿ ಸೆರಗು ಸರಿಮಾಡಿಕೊಳ್ಳುತ್ತಾ ಬಂದಳು. ನನ್ನನ್ನು ಕಂಡು ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. "ಬಂದ್ಯಾ? ಕುಂದ್ರು" ಎಂದು ಕಟ್ಟೆ ತೋರಿಸಿದಳು. ನಾನು ಕೂರಲಿಲ್ಲ.

"ಅವ್ವಾರ, ನಾ ನಿಮ್ಮ ಮಗಳಲ್ರಿ. ನಿಮ್ಮ ಮಗಳು ಇಲ್ಲೇ ಅದಾರ. ಮತ್ತ ನನಗ್ಯಾಕ ದಿನಾ ಫೋನ್ ಮಾಡ್ತೀರಿ?"

"ಗೊತ್ತೈತವಾ, ನನಗೇನು ಅರಳುಮರಳಲ್ಲ" ಅಂದಳು ಮುದುಕಿ. "ಈಕಿ ನೌಕರಿ ಬಿಟ್ಟು ಬಂದಾಗಿಂದ ಬಾಯಿ ಬಿಟ್ಟಿಲ್ಲ. ಡಾಕ್ಟರಿಗೆ ತೋರ್ಸೇನಿ, ಗುಳಿಗಿ ನಡದಾವು. ಈಕಿ ಹಳೇ ನಂಬರಿಗೆ ಸುಮ್ನ ಹಚ್ಚಿಕೋಂತ ಇದ್ದೆ, ಬ್ಯಾರೆ ದನಿ ಬಂದ್ರ ಇಟ್ಟಬಿಡ್ತಿದ್ದೆ. ಒಂದಿನ ಈಕಿ ದನಿನ ಬಂತು. ಖರೆ ಹೇಳ್ತೇನಿ, ಈಕಿ ದನಿನ! ಈಕಿ ಇಲ್ಲೇ ನನ್ನ ಬಾಜೂಕ ಕುಂತಾಳ, ಬಾಯಿ ಮುಚ್ಚೇತಿ. ದನಿ ಮಾತ್ರ ಅಲ್ಲಿ ದವಾಖಾನ್ಯಾಗ ಇನ್ನೂ ದುಡ್ಯಾಕತ್ತೈತಿ. ದಿನಾ ಮಾತಾಡ್ಸಿದ್ರ ಅದು ದಾರಿ ಹಿಡಕೊಂಡು ಮನಿಗೆ ಬಂದೀತು ಅಂತ ಮಾಡಿದ್ದೆ."

ಅದೇ ಹೊತ್ತಿಗೆ ಕೋಟಿನ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ತೆಗೆದೆ. ಕಟ್ಟೆಯ ಮೇಲಿದ್ದವಳು ಎದ್ದಳು. ನೇರ ಬಂದು, ನನ್ನ ಕೈಯಿಂದ ಫೋನು ತೆಗೆದುಕೊಂಡು, ಎಡ ಭುಜಕ್ಕೂ ಕಿವಿಗೂ ನಡುವೆ ಇಟ್ಟುಕೊಂಡಳು.

"ಇನ್‌ಚಾರ್ಜ್ ಮಾತಾಡ್ತೇನಿ, ಹೇಳ್ರಿ."

ನನ್ನ ದನಿ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ನನ್ನ ದನಿ ಬೇರೊಬ್ಬಳ ಬಾಯಿಯಿಂದ ಬರುತ್ತಿತ್ತು. ಆ ಕಡೆ ಆಡಳಿತದ ಸಾಹೇಬರು, ಅವರ ಜೋರು ದನಿ ನನಗೂ ಕೇಳುತ್ತಿತ್ತು. ಯಾರೋ ರೋಗಿಯ ಕಡೆಯವರು ಖೋಲಿ ಸಿಗಲಿಲ್ಲವೆಂದು ಕೌಂಟರಿನಲ್ಲಿ ಜಗಳ ತೆಗೆದಿದ್ದರು. ಅವಳು ಸಾವಕಾಶವಾಗಿ ಹೇಳಿದಳು, "ಹೌದ್ರಿ ಸರ. ಮ್ಯಾಲಿನ ಮೂಲಿ ಖೋಲಿ ಈಗ ಖಾಲಿ ಆಗ್ತೈತ್ರಿ. ಸ್ವಚ್ಛ ಮಾಡ್ಸೂ ತನಕ ಅವರನ್ನ ಕೆಳಗ ಕುಂಡ್ರಸ್ರಿ. ನೀವು ಚಿಂತಿ ಮಾಡಬ್ಯಾಡ್ರಿ, ನಾ ನೋಡ್ಕೋತೇನ್ರಿ." ಸಾಹೇಬರು ಥ್ಯಾಂಕ್ಸ್ ಸಿಸ್ಟರ್ ಎಂದು ಇಟ್ಟರು. ಆ ಮೂಲೆಯ ಖೋಲಿ ಅವತ್ತು ಖಾಲಿಯಾಗುವುದಿತ್ತು, ಅದು ನನಗೆ ಗೊತ್ತಿತ್ತು. ಅವಳಿಗೆ ಹೇಗೆ ಗೊತ್ತಾಯಿತೋ ಇವತ್ತಿಗೂ ತಿಳಿದಿಲ್ಲ.

ಮುದುಕಿ ಮಗಳ ಮಾತು ಕೇಳಿದ ಕೂಡಲೇ ಎರಡೂ ಕೈ ಮುಂದೆ ಚಾಚಿ ಓಡಿ ಬಂದಿದ್ದಳು. ಮಾತು ಮುಗಿಯುವಷ್ಟರಲ್ಲಿ ಆ ಕೈ ತಾವಾಗಿಯೇ ಇಳಿದವು. ಮಗಳ ಹತ್ತಿರ ಹೋಗಿ, ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು, ಬಹಳ ಹೊತ್ತು ನೋಡಿದಳು. ಮಗಳು ಅವಳನ್ನು ನೋಡಲಿಲ್ಲ. ಬಾಯಿ ಆಗಲೇ ಮುಚ್ಚಿತ್ತು.

"ಇದು ಈಕಿ ದನಿ ಅಲ್ಲವಾ" ಅಂದಳು ಮುದುಕಿ. "ನನ್ನ ಮಗಳು ಇಷ್ಟ ಮೆತ್ತಗ ಮಾತಾಡಾಕಿ ಅಲ್ಲ. ಸಣ್ಣಾಕಿದ್ದಾಗಿಂದ ಜಗಳಗಂಟಿ, ಓಣಿ ಎತ್ತಿ ಇಡ್ತಿದ್ಲು. ಇಷ್ಟ ದಿನಾ ನಾ ಯಾರನ್ನ ಮಾತಾಡ್ಸಿದ್ನೋ, ಯಾರಿಗೆ ಉಣ್ಣು ಅಂದ್ನೋ." ಫೋನು ತಂದು ನನ್ನ ಕೈಯಲ್ಲಿ ಇಟ್ಟಳು. "ಇದನ್ನ ಒಯ್ಯಿ. ಈ ಮನಿಗೆ ತರಬ್ಯಾಡ."

ನಾನು ಬಸ್ಸಿನಲ್ಲಿ ಕೋಟು ಕಳಚಿ ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆಯವರೆಗೂ ಅತ್ತೆ. ಪಕ್ಕದವರು ಊರಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡಿರಬೇಕು, ಸರಿದು ಜಾಗ ಕೊಟ್ಟರು.

ಮರುದಿನ ಸಾಹೇಬರ ಖೋಲಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ನಿನ್ನಿ ಚಲೋ ನಿಭಾಯ್ಸಿದ್ರಿ ಸಿಸ್ಟರ್" ಅಂದರು.

"ನಿನ್ನಿ ಮಾತಾಡಿದಾಕಿ ನಾ ಅಲ್ರಿ ಸರ. ನನ್ನ ಹಿಂದಿನಾಕಿ. ಕಲಾದಗ್ಯಾಗ ಅದಾಳ."

ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಅವರು ನಕ್ಕರು. "ಯಾರಾದ್ರೇನ್ರಿ? ಕೆಲಸ ಆತಲ್ಲ."

ಅವರು ಕೆಟ್ಟ ಮನುಷ್ಯರಲ್ಲ. ಅದು ಅವರ ಬಾಯಿಂದ ಸಹಜವಾಗಿಯೇ ಬಂದ ಮಾತು, ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಈ ಕೆಲಸಕ್ಕೆ ಇಷ್ಟು ಪಗಾರ, ಇಷ್ಟು ತಾಸು, ಆಮೇಲೆ ಫೋನು ಬೇರೆಯವರ ಕೈಗೆ ಎಂದು ಬರೆದು ಕೊಡಿ, ಇಲ್ಲದಿದ್ದರೆ ನನಗೆ ಹುದ್ದೆ ಬೇಡ ಅಂದೆ. "ಮುಂದ ನೋಡೋಣು" ಅಂದರು. ಕೋಟು, ಫೋನು ಎರಡನ್ನೂ ಅವರ ಮೇಜಿನ ಮೇಲಿಟ್ಟು ಬಂದೆ. ತಿಂಗಳು ಮುಗಿದ ಮೇಲೆ ಆ ದವಾಖಾನೆಯನ್ನೂ ಬಿಟ್ಟೆ. ಈಗ ಬೇರೆ ಕಡೆ ಬರೀ ಸಿಸ್ಟರ್. ಅಲ್ಲಿ ಎಲ್ಲರೂ ನನ್ನ ಹೆಸರು ಹಿಡಿದು ಕರೆಯುತ್ತಾರೆ.

ಗಂಡನಿಗೆ ಇದೆಲ್ಲ ಪೂರ್ತಿ ಒಪ್ಪಿಗೆಯಾಗಿಲ್ಲ. ಎಲ್ಲ ಬಡ್ತಿಗೂ ಪಗಾರ ಏರಲೇಬೇಕೆಂದರೆ ಸಣ್ಣ ಜನ ಮೇಲೆ ಬರುವುದು ಹೇಗೆ, ಮೊದಲು ಹುದ್ದೆ ಹಿಡಿ, ಆಮೇಲೆ ರೊಕ್ಕ ಬರುತ್ತದೆ ಅನ್ನುತ್ತಾರೆ. ಮತ್ತೆ ಅದೇ ಅವರ ಅಬ್ಬಾನ ಮಾತು ತೆಗೆಯುತ್ತಾರೆ. ನಾನು ಹೇಳುವುದು ಇಷ್ಟು. ನಿಮ್ಮ ಅಬ್ಬಾ ಜಮಾತಿನ ಕೆಲಸ ಮಾಡಿ, ಬೇಡವೆನಿಸಿದ ದಿನ ಮನೆಗೆ ಬಂದು ಕೂರಬಹುದಿತ್ತು, ಅವರ ದನಿ ಅವರದೇ ಇತ್ತು. ಪಗಾರ ಅಂದರೆ ಬರೀ ರೊಕ್ಕ ಅಲ್ಲ. ಇಷ್ಟು ಕೊಟ್ಟೆ, ಇಷ್ಟು ತಗೊಂಡೆ ಎಂಬ ಗೆರೆ ಅದು. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಪಗಾರ ಕೊಟ್ಟರೆ, ಎಷ್ಟು ಕೆಲಸ ಕೊಂಡಿದ್ದೇವೆ ಎಂದು ಅವರಿಗೂ ನೆನಪಿರುತ್ತದೆ. ಮರ್ಯಾದೆ ಕೊಟ್ಟು ಕೊಂಡದ್ದಕ್ಕೆ ಗೆರೆಯೇ ಇಲ್ಲ. ಎಷ್ಟು ತಗೊಂಡರೂ ತಗೊಂಡ ಹಾಗೆ ಅವರಿಗೆ ಅನಿಸುವುದಿಲ್ಲ, ಕೊಟ್ಟವಳಿಗೂ ಎಲ್ಲಿಗೆ ನಿಲ್ಲಬೇಕೋ ತಿಳಿಯುವುದಿಲ್ಲ. ನಿಂತಾಗ ಒಳಗೆ ಏನೂ ಉಳಿದಿರುವುದಿಲ್ಲ.

ಕಲಾದಗಿಯವರಿಗೆ ನನ್ನ ಸ್ವಂತ ನಂಬರು ಕೊಟ್ಟಿದ್ದೆ, ಮನಸ್ಸಿನ ಕಾಯಿಲೆ ನೋಡುವ ಒಬ್ಬ ಒಳ್ಳೆಯ ಡಾಕ್ಟರನ್ನೂ ಹೇಳಿದ್ದೆ. ತೋರಿಸುತ್ತಿದ್ದಾರಂತೆ. ಮುದುಕಿ ದಿನಾ ಹಚ್ಚುವುದನ್ನು ಬಿಟ್ಟಿದ್ದಾಳೆ. ಮಗಳು ಒಮ್ಮೊಮ್ಮೆ ತಾಯಿಯ ಮೇಲೆ ಗುರ್ ಎನ್ನುತ್ತಾಳಂತೆ, ಮುದುಕಿಗೆ ಅದೇ ಹಬ್ಬ.

ನಾನು ಸರಿಯಾಗಿದ್ದೇನೆ ಅಂದುಕೊಂಡಿದ್ದೆ. ಹೋದ ವಾರ ಮಗಳನ್ನು ಕರೆದುಕೊಂಡು ಅಮ್ಮಿಯ ಮನೆಗೆ ಹೊರಟಿದ್ದೆ. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಇಳಕಲ್ಲಿನ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ತಡವಾಗಿ ಜನ ಬೇಸತ್ತಿದ್ದರು. ಒಬ್ಬ ಗಂಡಸು ಚೀಲ ಕೆಳಗಿಟ್ಟು ಜೋರಾಗಿ ಕೂಗಿದ, "ಇಲ್ಲಿ ಇನ್‌ಚಾರ್ಜ್ ಯಾರದಾರ್ರಿ?"

"ಹೇಳ್ರಿ" ಅಂದೆ.

ಅಷ್ಟು ಮೆತ್ತಗೆ, ಅಷ್ಟು ನುಣ್ಣಗೆ. ಅವನು ನನ್ನ ಹತ್ತಿರ ಬಂದು, ಬಸ್ಸಿನ ಗೋಳನ್ನೆಲ್ಲ ಹೇಳತೊಡಗಿದ. ನಾನು ತಲೆಯಾಡಿಸುತ್ತಿದ್ದೆ. ಎಡ ಭುಜ ಕಿವಿಯ ಕಡೆ ಏರಿತ್ತು. "ಚಿಂತಿ ಮಾಡಬ್ಯಾಡ್ರಿ, ನಾ ನೋಡ್ಕೋತೇನ್ರಿ" ಎಂಬ ಮಾತು ನನ್ನ ಬಾಯಿಂದ ಬಂತು, ಅವನು ಸಮಾಧಾನವಾಗಿ ಹೋಗಿ ಕೂತ.

ಮಗಳು ನನ್ನ ಎದುರಿಗೆ ಬಂದು ನಿಂತಳು. ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮಿ, ನನಗ ಬೈ."

"ಯಾಕ?"

"ಒಮ್ಮೆ ಬೈ. ಜೋರಂಗ, ಮನ್ಯಾಗ ಬೈತಿಯಲ್ಲ, ಹಂಗ."

ಸುತ್ತ ಜನ ನೋಡುತ್ತಿದ್ದರು. ನಾನು ಬೈಯಲು ಬಾಯಿ ತೆರೆದೆ. ಯಾವ ದನಿ ಬರುತ್ತದೋ ಎಂದು ಇಬ್ಬರೂ ಕಾಯುತ್ತಾ ನಿಂತೆವು.